ಅಪ್ಪಣೆ ಕೇಳುವ ದಾದಿ

ಪ್ರಜ್ಞೆಯಿಲ್ಲದೆ ಮಲಗಿದವರನ್ನೂ ಅಪ್ಪಣೆ ಕೇಳದೆ ಮುಟ್ಟಿದವಳಲ್ಲ ಆಕೆ. ತೀವ್ರನಿಗಾ ಘಟಕದ ಆ ಹಿರಿಯ ದಾದಿಗೆ ಜೊತೆಯವರು 'ಮಾತಿನಮಲ್ಲಿ' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ರೋಗಿ ಬೆಚ್ಚಬಾರದೆಂದು ಬೇಕೆಂದೇ ಚಪ್ಪಲಿ ಎಳೆದು ಸದ್ದು ಮಾಡುತ್ತ ಬರುವಳು; ಬೂದುಬಣ್ಣದ ಹಳೆಯ ಸ್ವೆಟರಿನ ಜೇಬಿನಲ್ಲಿ ಅಂಗೈ ಬೆಚ್ಚಗೆ ಮಾಡಿಕೊಂಡು, ನಳಿಕೆಗಳ ನಡುವೆ ನಿಶ್ಚೇಷ್ಟಿತವಾಗಿ ಬಿದ್ದ ದೇಹದ ಕಿವಿಯ ಬಳಿ ಬಾಗಿ, "ಯಜಮಾನ್ರೇ, ಮಗ್ಗುಲು ಬದಲಾಯಿಸ್ತೀನಿ, ಆಗಬಹುದಾ?" ಎಂದು ಕೇಳಿ, ಬಾರದ ಉತ್ತರಕ್ಕೂ ಒಂದು ಗಳಿಗೆ ಕಾಯುವಳು. ಹಾಸಿಗೆಯ ಪಕ್ಕದಲ್ಲೇ ಆಸ್ತಿಯ ಮಾತೆತ್ತಿದ ನೆಂಟರನ್ನು ಮುಲಾಜಿಲ್ಲದೆ ಹೊರಗಟ್ಟಿದ್ದೂ ಉಂಟು. "ಕಣ್ಣು ಮುಚ್ಚಿದೆ ಅಂತ ಮನುಷ್ಯ ಎದ್ದುಹೋಗಿದಾನೆ ಅಂದ್ಕೋಬೇಡಿ" ಎಂಬುದು ಹೊಸಬರಿಗೆ ಆಕೆಯ ಮೊದಲ ಪಾಠ. ಆಸ್ಪತ್ರೆಯವರು ಆ ಮಾತನ್ನು ಗೋಡೆಯ ಮೇಲೂ ಬರೆಸಿದ್ದರು. ಅದರ ಮುಂದೆ ಹಾಯುವಾಗ ಆಕೆಯ ನಡಿಗೆಗೆ ಕೊಂಚ ಬಿಗುಮಾನ ಬರುತ್ತಿತ್ತೆಂಬುದನ್ನು ಮುಚ್ಚಿಟ್ಟು ಫಲವಿಲ್ಲ.

ಮನೆಯಲ್ಲಿ ಆಕೆಯ ಅಕ್ಕ ಇದ್ದಳು. ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ಮಾತು ಎಲ್ಲ ಹೋಗಿದ್ದವು. ಒಂದು ಭಾನುವಾರ ತಮ್ಮ ನೋಡಲು ಬಂದ. ಅಕ್ಕನ ತಲೆ ಬಾಚುತ್ತಲೇ, ಆ ತಲೆಯ ಮೇಲಿನಿಂದಲೇ, ದಾದಿ ಅವನೆದುರು ಗೋಳು ತೋಡಿಕೊಂಡಳು.

"ನನ್ನ ಕೈಲಿ ಇನ್ನಾಗಲ್ಲ ಕಣೋ. ಎಲ್ಲಾದ್ರೂ ಸೇರಿಸಿಬಿಡೋಣ."

"ದೊಡ್ಡಕ್ಕನ ಎದುರಿಗೇ ಹೀಗಂತೀಯಲ್ಲ, ಚಿಕ್ಕಕ್ಕ!"

"ಅಯ್ಯೋ, ಅವಳಿಗೇನು ಗೊತ್ತಾಗುತ್ತೆ, ಬಿಡು."

ಅಕ್ಕನ ಎಡಗೈ ತಡವುತ್ತ ಮೇಲೆ ಬಂತು. ದಾದಿಯ ಕೈಯಿಂದ ಬಾಚಣಿಗೆ ತೆಗೆದುಕೊಂಡು ತನ್ನ ತಲೆಯನ್ನು ತಾನೇ ಬಾಚಿಕೊಳ್ಳತೊಡಗಿದಳು. ಬಾಚಣಿಗೆ ತಿರುವುಮುರುವಾಗಿತ್ತು, ಹಲ್ಲು ಮೇಲಿತ್ತು; ಒಂದು ಕೂದಲೂ ಕದಲಲಿಲ್ಲ. ಆದರೂ ಅವಳು ನಿಲ್ಲಿಸಲಿಲ್ಲ.

ಭೂಮಿ ಬಾಯ್ಬಿಟ್ಟು ನುಂಗಬಾರದೆ ಎನಿಸಿತು ದಾದಿಗೆ. ಗುರುತು ಪರಿಚಯವಿಲ್ಲದವರ ಮುಚ್ಚಿದ ಕಣ್ಣಿಗೆ ದಿನವೂ ಸಲ್ಲಿಸುತ್ತಿದ್ದ ಮರ್ಯಾದೆ, ಬಾಲ್ಯದಲ್ಲಿ ತನಗೆ ಜಡೆ ಹಾಕಿದ ಈ ಕೈಗೆ ಎಳ್ಳಷ್ಟೂ ದಕ್ಕಿರಲಿಲ್ಲ. "ತಪ್ಪಾಯ್ತು ಕಣೇ ಅಕ್ಕ" ಎನ್ನುತ್ತ ಅಕ್ಕನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತಳು. ತಮ್ಮ ಕಿಟಕಿಯ ಕಡೆ ತಿರುಗಿ ನಿಂತ.

ಅಕ್ಕ ಮನೆಯಲ್ಲೇ ಉಳಿದಳು. ಈಗ ಒಳಕೋಣೆಯ ಬಾಗಿಲಲ್ಲೂ ದಾದಿ ಬೇಕೆಂದೇ ಕಾಲೆಳೆದು ಬರುವ ಸದ್ದು ಕೇಳುತ್ತದೆ. "ಅಕ್ಕಾ, ತಲೆ ಬಾಚಲಾ?" ಎಂದು ಕೇಳಿ ಆಕೆ ಕಾಯುತ್ತಾಳೆ. ಅಕ್ಕ ಒಮ್ಮೊಮ್ಮೆ ತಲೆಯಾಡಿಸುತ್ತಾಳೆ. ಒಮ್ಮೊಮ್ಮೆ ಗೋಡೆಯ ಕಡೆ ಹೊರಳುತ್ತಾಳೆ, ಆ ದಿನ ಬಾಚಣಿಗೆ ಇದ್ದಲ್ಲೇ ಇರುತ್ತದೆ. ಆಸ್ಪತ್ರೆಯ ಗೋಡೆಬರಹದ ಮುಂದೆ ಆಕೆ ತಲೆ ತಗ್ಗಿಸಿ ಹಾಯುತ್ತಾಳೆ.

ಇಂಥವರು ಕೆಟ್ಟವರಲ್ಲ. ಪರರ ಮೌನದೊಳಗೂ ಒಂದು ಚೇತನವನ್ನು ಕಾಣಬಲ್ಲ ಸಹೃದಯರು. ನಮ್ಮವರು ತಾನೆ ಎಂಬ ಸಲಿಗೆಯಲ್ಲಿ ಮಾತ್ರ, ಮನೆಯವರೊಳಗೂ ಒಬ್ಬರು ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾರೆಂಬುದನ್ನು ಮರೆತುಬಿಟ್ಟಿರುತ್ತಾರೆ.