ಕಪ್ಪಾಗದ ಚಿತ್ರ

ನಮ್ಮ ವಿಶ್ವವಿದ್ಯಾಲಯದ ಗೇಟಿನಲ್ಲಿ ಆಳೆತ್ತರದ ಬೋರ್ಡಿದೆ. ವೈದ್ಯಕೀಯ ಚಿತ್ರಣ ಮತ್ತು ನ್ಯಾನೋ ವಸ್ತು, ಇವೆರಡೂ ನಮ್ಮ ಸಂಶೋಧನೆಯ ಬಲವಂತೆ. ಹೋದ ತಿಂಗಳವರೆಗೆ ಆ ಬಲದಲ್ಲಿ ನನ್ನ ಪಾಲೂ ಇದೆ ಅಂತ ಬೀಗುತ್ತಿದ್ದೆ. ಆಮೇಲೆ ಮದ್ದೂರಿನಲ್ಲಿ ಬಸ್ಸಿಳಿದು ಆ ಬೋರ್ಡು ನೋಡಿದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಎಂಆರ್‌ಐ ಸ್ಕ್ಯಾನಿನಲ್ಲಿ ರೋಗದ ಜಾಗ ಎದ್ದು ಕಾಣಲಿ ಎಂದು ಕೆಲವರಿಗೆ ಒಂದು ಔಷಧಿ ಚುಚ್ಚುತ್ತಾರೆ. ಅಂಥದ್ದನ್ನು ಕಬ್ಬಿಣದ ಅತಿ ಸಣ್ಣ ಕಣಗಳಿಂದ ಅಗ್ಗವಾಗಿ ಮಾಡುವುದೇ ನನ್ನ ಪಿಎಚ್‌ಡಿ. ಕಣ ಕಟ್ಟಲು ಬೇರೆಯವರು ಎಂಥೆಂಥದೋ ಎಲೆಯ ರಸ ಹಾಕುತ್ತಾರೆ. ನಾನು ಕಬ್ಬಿನ ಸೀಮೆಯ ಹೊಳಲಿನವಳು, ಕಬ್ಬಿನ ಹಾಲು, ಅಂದರೆ ಅದರ ರಸವನ್ನೇ ಹಾಕಿದೆ. ಕಣ ಚೆನ್ನಾಗಿ ಬಂದಿದ್ದರೆ ಅದನ್ನು ಬೆರೆಸಿದ ನೀರು ಸ್ಕ್ಯಾನಿನ ಚಿತ್ರದಲ್ಲಿ ಕಪ್ಪಗೆ ಕಾಣಬೇಕು. ಮೊದಲ ಸಲವೇ ಕಾಡಿಗೆಯ ಹಾಗೆ ಬಂತು! ನನ್ನ ಗೈಡು ಸಂಪತ್ ಕುಮಾರ ಸರ್ ಇಡೀ ವಿಭಾಗಕ್ಕೆ ವಡೆ ತರಿಸಿದರು. ಒಂದು ದೊಡ್ಡ ಪತ್ರಿಕೆಗೆ ಲೇಖನ ಕಳಿಸಿದೆವು. ಪ್ರಯೋಗವನ್ನು ಇನ್ನೊಮ್ಮೆ ಮಾಡಿ ಅದರ ಚಿತ್ರವನ್ನೂ ಕಳಿಸಿ ಎಂದು ಪತ್ರಿಕೆಯವರು ಕೇಳಿದರು.

ಅಷ್ಟೇ ತಾನೆ ಎಂದು ಇನ್ನೊಮ್ಮೆ ಮಾಡಿದೆ. ಚಿತ್ರ ಬೂದು ಬಣ್ಣಕ್ಕೆ ಬಂತು. ಮತ್ತೆ ಮಾಡಿದೆ, ಮತ್ತೆ ಬೂದು. ಅದೇ ಮರಿಸಿದ್ದಯ್ಯ ಮಾವನ ಆಲೆಮನೆ, ಅದೇ ಗದ್ದೆಯ ಕಬ್ಬು, ಅದೇ ಸ್ಟೀಲ್ ಡಬ್ಬ, ಅದೇ ನಾನು. ಬೆಳಗಿನ ಬಸ್ಸಿಗೆ ಹಾಲು ಒಯ್ದು ಆಗಲೇ ಬಳಸಿ ನೋಡಿದೆ. ಬೆಳಗ್ಗೆ ಒಯ್ದದ್ದನ್ನೇ ಮೊದಲ ಸಲದಂತೆ ರಾತ್ರಿಯೆಲ್ಲ ಲ್ಯಾಬಿನ ಫ್ರಿಜ್ಜಿನಲ್ಲಿಟ್ಟು ಸೋಸಿಯೂ ನೋಡಿದೆ. ಕಬ್ಬು ಎಳೆಯದೋ, ನೀರು ಗಡಸೋ, ನನ್ನ ಕೈಯೇ ಸರಿಯಿಲ್ಲವೋ? ಏನೊಂದೂ ತಿಳಿಯದೆ ತಲೆ ಕೆಟ್ಟು ಹೋಯಿತು. ಮೊದಲ ಸಲದ್ದೇ ಕನಸಿರಬೇಕು ಅಂತ ನನಗೇ ಅನುಮಾನ ಹುಟ್ಟಿತು.

ಶುಕ್ರವಾರ ಸರ್ ಕರೆದರು. ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವ ಮನುಷ್ಯ, ಅವತ್ತು ನೇರವಾಗಿ ಕೇಳಿದರು.

“ರಂಜಿತ, ಮೊದಲ ಸಲದ ಸೀಸೆಗೆ ಕಂಪನಿಯ ರೆಡಿಮೇಡ್ ಕಣ ತರಿಸಿ ಬೆರೆಸಿರಲಿಲ್ಲ ತಾನೆ?”

“ಸರ್, ನಾನು ಸುಳ್ಳು ಹೇಳ್ತಿದ್ದೀನಿ ಅಂತೀರಾ?”

“ನಾನು ಏನೂ ಅನ್ನುತ್ತಿಲ್ಲ. ಸೋಮವಾರದೊಳಗೆ ಮಾಡಿ ತೋರಿಸಿ. ಇಲ್ಲವಾದರೆ ಲೇಖನ ವಾಪಸ್ ತೆಗೆದುಕೊಳ್ಳುತ್ತೇನೆ. ಆಮೇಲೆ ನಿಮ್ಮನ್ನು ನನ್ನ ಕೈಕೆಳಗೆ ಇಟ್ಟುಕೊಳ್ಳುವುದು ಕಷ್ಟ.”

ಏನೂ ಅನ್ನುತ್ತಿಲ್ಲವಂತೆ! ಇನ್ನೇನು ಅನ್ನಬೇಕಿತ್ತು? ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಅತ್ತೆ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು, ಸುಳ್ಳಿ ಅನ್ನಿಸಿಕೊಂಡು ಯಾವ ಲ್ಯಾಬಿಗೆ ಕಾಲಿಡಲಿ?

ಶನಿವಾರ ಸಂಜೆ ಎಲ್ಲವನ್ನೂ ಮೊದಲ ಸಲ ಮಾಡಿದ ಹಾಗೇ ಮಾಡುತ್ತೇನೆಂದು ಹಟಕ್ಕೆ ಬಿದ್ದೆ. ಅವತ್ತು ಹಾಕಿದ್ದ ಹಳದಿ ಚೂಡಿದಾರವನ್ನೇ ಹಾಕಿದೆ. ವಿಜ್ಞಾನ ಓದಿದವಳ ಬುದ್ಧಿ ಎಲ್ಲಿಗೆ ಬಂತು ನೋಡಿ! ಅವತ್ತಿನಂತೆಯೇ ದೀಪ ಹಚ್ಚುವ ಹೊತ್ತಿನ ಬಸ್ಸಿಗೆ ಹೊರಟು ಡಬ್ಬ ಜಗಲಿಯ ಮೇಲಿಟ್ಟು ಚಪ್ಪಲಿ ಮೆಟ್ಟುತ್ತಿದ್ದೆ. ತಿರುಗಿ ನೋಡಿದರೆ ಅವ್ವ ಡಬ್ಬದ ಮುಚ್ಚಳ ತೆಗೆಯುತ್ತಿದ್ದಾಳೆ. ಇನ್ನೊಂದು ಕೈ ಸೆರಗಿನ ಮರೆಯಲ್ಲಿದೆ.

“ಏನವ್ವ ಅದು?”

“ಏನಿಲ್ಲ ಕಣ್ ಮಗ.”

“ಕೈ ತೋರ್ಸು.”

ಅವಳ ಅಂಗೈ ತುಂಬ ಒಲೆಯ ಇದ್ದಿಲು.

“ಕತ್ಲಾಗೋ ವೊತ್ನಲ್ಲಿ ಬರೀ ಆಲು ಕಳ್ಸಕ್ಕಾಯ್ತದಾ? ಉಣ್ಸೆ ಮರುದ್ ದಾರಿ ಬೇರೆ. ಅವತ್ತೂ ಆಕಿದ್ದೆ. ಡಬ್ಬ ದೊಡ್ಡುದು, ಒಂದು ಇದ್ಲಿಗೆ ಗಾಳಿ ಗೀಳಿ ಯೆದರ್ತದಾ ಅಂತ ಒಂದು ಇಡಿ ಆಕ್ದೆ. ಬೆಳಿಗ್ಗೆ ಓಯ್ತಿಯಲ್ಲ, ಆಗ ಬ್ಯಾಡ ಅಂತ ಬುಟ್ಟೆ.”

“ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ಯೋಳುದ್ರೆ ಬಯ್ತಿಯಲ್ಲ! ದೆವ್ವ ಇಲ್ಲ, ದೃಷ್ಟಿ ಇಲ್ಲ ಅಂತ ಬೀದಿಗೆ ಕೇಳಂಗೆ ಕಿರುಚ್ಕತಿಯ.”

ಡಬ್ಬದ ತಳದ ಕರಿ ಕಸ ಅವತ್ತು ನನ್ನ ಕಣ್ಣಿಗೂ ಬಿದ್ದಿತ್ತು. ಮಾವ ಒಲೆಯ ಪಕ್ಕ ಡಬ್ಬ ಇಟ್ಟಿರಬೇಕೆಂದು ಶಪಿಸುತ್ತ ಸೋಸಿ ಚೆಲ್ಲಿದ್ದೆ. ಇದ್ದಿಲು ಕೊಳೆಯನ್ನೂ ಬಣ್ಣವನ್ನೂ ಹೀರುತ್ತದೆ ಎಂದು ಯಾವ ಹೈಸ್ಕೂಲು ಹುಡುಗಿಗೆ ಗೊತ್ತಿಲ್ಲ? ಹಾಲು ತಿಳಿಯಾಗಿ ಕಣ ಸಣ್ಣಗೆ ಕಟ್ಟಿತ್ತೋ? ಇಲ್ಲ, ಇದೂ ನನ್ನ ಹುಚ್ಚು ಆಸೆಯೋ? ಅವ್ವನ ಮೇಲೆ ರೇಗಬೇಕೋ ಕಾಲಿಗೆ ಬೀಳಬೇಕೋ ಗೊತ್ತಾಗಲಿಲ್ಲ.

“ಇನ್ನೊಂದು ಡಬ್ಬ ತತ್ತಾ, ಅರ್ಧ ಹಾಲು ಅದಕ್ಕೆ ಸುರೀತೀನಿ. ಅದಕ್ಕೆ ಹಾಕ್ಬೇಡ, ಇದಕ್ಕೆ ಹಾಕು,” ಎಂದೆ.

“ಅದುಕ್ಯಾಕ್ ಬ್ಯಾಡ? ಅದು ಗಾಳಿಗೆ ಬುಟ್ಟಿದ್ದಾ?” ಎಂದು ಗೊಣಗುತ್ತಲೇ ಅವ್ವ ಹೇಳಿದಂತೆ ಮಾಡಿದಳು.

ರಾತ್ರಿ ಎರಡೂ ಡಬ್ಬ ಲ್ಯಾಬಿನ ಫ್ರಿಜ್ಜಿನಲ್ಲಿದ್ದವು. ಭಾನುವಾರವಿಡೀ ಲ್ಯಾಬಿನಲ್ಲಿ ಕಣ ಕಟ್ಟಿದೆ. ಸೋಮವಾರ ಚಿತ್ರಣ ವಿಭಾಗದ ಪರದೆಯ ಮೇಲೆ ಎರಡು ಸೀಸೆಗಳ ಚಿತ್ರ ಮೂಡಿತು. ಇದ್ದಿಲು ಹಾಕದ್ದು ಬೂದು, ಹಾಕಿದ್ದು ಅಪ್ಪಟ ಕಪ್ಪು. ಅದರ ಪ್ರಿಂಟು ಹಿಡಿದು ಸರ್ ಕೋಣೆಗೆ ಓಡಿದೆ. ಇದ್ದಿಲಿನ ಕತೆಯನ್ನು ಒಂದೇ ಉಸಿರಿಗೆ ಹೇಳಿದೆ.

ಅವರ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅವರು ಚಿತ್ರವನ್ನು ಮೇಜಿನ ಮೇಲಿಟ್ಟು ಕನ್ನಡಕ ತೆಗೆದರು.

“ಶನಿವಾರವೇ ಪತ್ರಿಕೆಗೆ ಬರೆದುಬಿಟ್ಟೆ ರಂಜಿತ.”

“ಸೋಮವಾರ ಅಂದಿದ್ರಿ ಸರ್.”

“ಅಂದಿದ್ದೆ. ಆಗುವುದಿಲ್ಲ ಅಂದುಕೊಂಡೆ.”

“ಏನಂತ ಬರೆದಿದ್ದೀರಿ?”

ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ವಿದ್ಯಾರ್ಥಿನಿಯ ಪ್ರಾಮಾಣಿಕತೆಯ ಬಗ್ಗೆ ಅನುಮಾನವಿರುವುದರಿಂದ ಲೇಖನವನ್ನು ಹಿಂಪಡೆಯುತ್ತಿದ್ದೇನೆ, ಎಂದಿತ್ತು. ಕೆಳಗೆ ನನ್ನ ಪೂರ್ತಿ ಹೆಸರು, ಊರಿನ ಸಮೇತ.

ಕಿರುಚಬೇಕು ಅನ್ನಿಸಿತು. ಎದುರಿನ ಕುರ್ಚಿ ಎಳೆದುಕೊಂಡು ಕೂತೆ.

“ಇನ್ನೊಂದು ಬರೀರಿ ಸರ್. ಈಗಲೇ. ಅದು ಹೋಗೋ ತನಕ ನಾನು ಇಲ್ಲಿಂದ ಏಳಲ್ಲ.”

ಅವರು ಬರೆಯತೊಡಗಿದರು. ಹಿಂದಿನ ಪತ್ರ ತಪ್ಪು ಎಂದು ಬರೆದರು, ತಪ್ಪು ತಮ್ಮದು ಎಂದೂ ಬರೆದರು. ಅಷ್ಟಾದ ಮೇಲೆ ಬೆರಳುಗಳು ನಿಂತವು.

“ಇದ್ದಿಲು ಹೇಗೆ ಬಂತು ಅನ್ನೋಣ? ಹಾಲನ್ನು ಶುದ್ಧ ಮಾಡಲು ನಾವೇ ಯೋಚಿಸಿ ಹಾಕಿದೆವು ಅಂದರೆ ಚೆನ್ನಾಗಿರುತ್ತದೆ, ಅಲ್ಲವೇ?”

“ಅದು ಸುಳ್ಳು ಸರ್.”

ಅವರು ತಲೆ ಎತ್ತಿ ನೋಡಿದರು. ನಾನು ಕಣ್ಣು ಕದಲಿಸಲಿಲ್ಲ. ಅವರೇ ತಲೆ ತಗ್ಗಿಸಿ ಕೀಬೋರ್ಡಿನ ಮೇಲೆ ಕೈಯಿಟ್ಟು ಕೇಳಿದರು, “ನಿಮ್ಮ ತಾಯಿಯ ಹೆಸರೇನು?”

“ಮಾಯಮ್ಮ,” ಎಂದೆ.