ನೆಲಮಾಳಿಗೆಯಲ್ಲಿ ನಿಲ್ಲದ ದೀಪ

ಬೆಟ್ಟದಪುರದ ಆ ಮನೆಯ ನೆಲಮಾಳಿಗೆ ಇದ್ದದ್ದು ಹೊಗೆಸೊಪ್ಪು ಪೇರಿಸಿಡಲಿಕ್ಕೆ. ಅದನ್ನು ಆಫೀಸು ಮಾಡಿಕೊಳ್ಳುತ್ತೇನೆ ಎಂದು ಸೊಸೆ ಐಶ್ವರ್ಯ ಹೊರಟಾಗ ಗಂಡ ಸೋಮಶೇಖರ್ ನಕ್ಕುಬಿಟ್ಟಿದ್ದ. ನಗಲಿ ಬಿಡಿ, ಅವನಿಗೇನು ಗೊತ್ತು? ವಿಮಾ ಕಂಪನಿಯ ಫೋನುಗಳಿಗೆ ಉತ್ತರ ಕೊಡುವ ಕೆಲಸ ಅವಳದು. ಮೇಲೆ ಕೂತರೆ ಕೋಳಿ, ಟ್ರ್ಯಾಕ್ಟರು, ಅತ್ತೆಯ ಧಾರಾವಾಹಿ ಎಲ್ಲವೂ ಗ್ರಾಹಕರ ಕಿವಿಗೆ ಬೀಳುತ್ತಿದ್ದವು. ಕೆಲಸವೂ ಉಳಿಯಬೇಕು, ಏಳು ತಿಂಗಳ ಶಿವಾನಿಯೂ ಕಣ್ಣೆದುರಿಗೇ ಇರಬೇಕು. ಅವಳಿಗೆ ಬೇಕಾದದ್ದು ಇಷ್ಟೇ.

ಸುಣ್ಣ ಬಳಿಸಿದಳು, ಮೇಜು ಕುರ್ಚಿ ತರಿಸಿದಳು, ಸದ್ದು ಬರದಂತೆ ಕಿಂಡಿಗೆ ದಪ್ಪ ಸ್ಪಂಜು ತುಂಬಿಸಿದಳು. ವೈರು ಎಳೆಯುವಾಗ ಒಂದು ಕಡೆ ಗೋಡೆ ಕುಸಿದು, ಅಂಗಳದಡಿಯ ಹಳೇ ಹಗೇವು ಬಾಯಿಬಿಟ್ಟಿತು. ಮೂವತ್ತು ವರ್ಷದಿಂದ ಯಾರೂ ತೆಗೆಯದ ಆ ರಾಗಿ ಗುಂಡಿಯಿಂದ ಮುಗ್ಗಲು ವಾಸನೆ ಬಂತು. ಗಾರೆಯವನು ಅಡ್ಡಲಾಗಿ ಪ್ಲೈವುಡ್ ಹೊಡೆದು ಕೈತೊಳೆದುಕೊಂಡ.

ಪೂಜೆಯ ದಿನ ಅತ್ತೆ ಪುಟ್ಟಮಲ್ಲಮ್ಮ ನೆಲದ ಮೇಲೆ ರಂಗೋಲಿ ಬಿಟ್ಟು ದೀಪ ಹಚ್ಚಿದರು. ಆರಿಹೋಯಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಗಾಳಿ ಸುಳಿಯದ ಕೋಣೆ ಅದು.

"ಇಲ್ಲೇನೋ ಅದೆ ಕಣವ್ವ, ಈ ರೂಮು ಬ್ಯಾಡ ಬುಡು. ಅಯ್ನೋರ ಕರ್ಸಿ ಶಾಂತಿ ಮಾಡ್ಸವಾ," ಎಂದರು.

"ಎಣ್ಣೆ ಸರಿಯಿಲ್ಲ ಅತ್ತೆ," ಎಂದು ಐಶ್ವರ್ಯ ದೀಪವನ್ನೆತ್ತಿ ಮೇಜಿನ ಮೇಲಿಟ್ಟು ಹಚ್ಚಿದಳು. ಅಲ್ಲಿ ಚೆನ್ನಾಗಿಯೇ ಉರಿಯಿತು. ಅತ್ತೆಗೆ ದೆವ್ವ ಕಂಡಿತು, ಸೊಸೆಗೆ ಅತ್ತೆಯ ಮೂಢನಂಬಿಕೆ ಕಂಡಿತು. ಮಾರನೆಯ ದಿನದಿಂದ ಕೆಲಸ ಶುರುವಾಯಿತು.

ಸಂಜೆಯ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಕಂಪ್ಯೂಟರ್ ನೋಡಿ ನೋಡಿ ಹೀಗೆ ಎಂದುಕೊಂಡಳು. ಮಗು ಜಂತೆಗೆ ಕಟ್ಟಿದ ತೊಟ್ಟಿಲಲ್ಲಿ ಮಲಗುತ್ತಿತ್ತು. ನಾಲ್ಕನೇ ದಿನ, ತೊಟ್ಟಿಲ ಹಗ್ಗದ ಕಿರ್ ಕಿರ್ ಸದ್ದು ಫೋನಿನಲ್ಲಿ ಕೇಳುತ್ತಿದೆ ಎಂದು ಕಂಪನಿಯ ಮೇಲಿನವರು ಗದರಿದರು. ಐದನೇ ದಿನ ಬೆಳಿಗ್ಗೆ ಹಾಸಿಗೆಯನ್ನು ನೆಲಕ್ಕೇ ಹಾಸಿದಳು. ಅರ್ಧ ಗಂಟೆ ತಟ್ಟಿದರೂ ಮಲಗದ ಕೂಸು ಅಂದು ನಾಲ್ಕು ತಟ್ಟಿಗೇ ನಿದ್ದೆಹೋಯಿತು. ಅವಳಿಗೆ ಖುಷಿಯೋ ಖುಷಿ. ಬಾಗಿಲು ಭದ್ರವಾಗಿ ಎಳೆದುಕೊಂಡು, ಕಾಫಿ ಕುಡಿಯಲು ಮೇಲೆ ಬಂದಳು.

ಜಗಲಿಯ ಮೇಲೆ ಕುಳ್ಳಯ್ಯ ಕೂತಿದ್ದ. ಹಿಂದೆ ಊರಿನ ಹಗೇವುಗಳಿಗೆಲ್ಲ ಇಳಿದು ರಾಗಿ ಎತ್ತುತ್ತಿದ್ದ ಮುದುಕ. ದೀಪ ನಿಲ್ಲದ ಕಥೆಯನ್ನು ಅತ್ತೆ ಅವನಿಗೂ ಹೇಳಿ ಮುಗಿಸಿದ್ದರು.

"ಎಲ್ಲಿ ಆರ್ತವ್ವ? ನೆಲದಲ್ಲೋ, ಮ್ಯಾಲೋ?" ಎಂದು ಕುಳ್ಳಯ್ಯ ಕೇಳಿದ.

"ನೆಲದಲ್ಲಿ ತಾತ. ಮೇಜಿನ ಮೇಲೆ ಚೆನ್ನಾಗೇ ಉರೀತು," ಎಂದು ಐಶ್ವರ್ಯ ನಕ್ಕಳು.

ಕುಳ್ಳಯ್ಯ ನಗಲಿಲ್ಲ. ಕಾಫಿ ಲೋಟ ಕೆಳಗಿಟ್ಟ. "ಹಗೇವಿಗೆ ನಾವು ಮೊದ್ಲು ದೀಪ ಇಳಿಬುಟ್ಟು ನೋಡೋವು ಕಣವ್ವ. ಆರೋದ್ರೆ ತಳದಲ್ಲಿ ಕೆಟ್ಟ ಗಾಳಿ ಕೂತದೆ ಅಂತ. ಅದ್ರೊಳಗೆ ಇಳ್ದೋನು ಕೂಗೂ ಆಕಲ್ಲ, ನಿದ್ದೆ ಬಂದಂಗೆ ಒರಗ್ತಾನೆ. ನಮ್ಮಣ್ಣ ಅಂಗೇ ಓದ." ಆಮೇಲೆ ಅತ್ತಿತ್ತ ನೋಡಿದ. "ಕೂಸು ಎಲ್ಲವ್ವ?"

ಐಶ್ವರ್ಯ ಬಿದ್ದು ಎದ್ದು ಮೆಟ್ಟಿಲಿಳಿದು ಬಾಗಿಲು ತಳ್ಳಿದಳು. ಶಿವಾನಿ ಮಲಗಿಸಿದ ಹಾಗೆಯೇ ಮಲಗಿದ್ದಳು. "ಪುಟ್ಟಾ," ಎಂದು ಕಿರುಚಿದಳು. ಮೇಜಿನ ಮೇಲೆ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಎಲೆ ಬಿದ್ದರೂ ಏಳುತ್ತಿದ್ದ ಮಗು ಅಷ್ಟು ಸದ್ದಿಗೂ ಕದಲಲಿಲ್ಲ.