ನಾಲ್ಕು ಗಂಟೆಯ ಪಶ್ಚಾತ್ತಾಪ

ಕಾಡು ಬೋಳಾದ ಮೇಲೆ ಊರಿಗೆ ಬುದ್ಧಿ ಬಂತು. ಮರ ಇದ್ದಷ್ಟು ದಿನ ಎಲ್ಲರೂ ದಿಮ್ಮಿ ಕೊಯ್ದರು, ಹಲಗೆ ಹೊತ್ತರು, ಮಿಲ್ಲಿನ ಸೈರನ್ ಕೇಳಿ ಎದ್ದರು, ಸೈರನ್ ಕೇಳಿ ಉಂಡರು. ದಿಮ್ಮಿ ಬರುವುದು ನಿಂತು ಮಿಲ್ಲಿಗೆ ಬೀಗ ಬಿದ್ದಾಗ, ಬೆಂಕಿ ಹತ್ತಿದ ಮೇಲೆ ಬಾವಿ ತೋಡಿದ ಹಾಗೆ, ದೂರದಿಂದ ಒಬ್ಬ ಸಲಹೆಗಾರನನ್ನು ಕರೆಸಿದರು. ಆತ ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು, ಒಂದೇ ಕಸುಬನ್ನು ನಂಬಿದ ಊರು ಉದ್ಧಾರವಾಗುವುದಿಲ್ಲ ಎಂದ. ಅದು ಊರಿಗೂ ಗೊತ್ತಿತ್ತು. ಆದರೆ ಪುಕ್ಕಟೆ ಗೊತ್ತಿದ್ದ ಮಾತಿಗೆ ಬೆಲೆ ಎಲ್ಲಿಯದು?

ಮೊದಲು ಜೇನು ಸಾಕಿದರು. ಹೂವೇ ಇಲ್ಲದ ಬೋಳುಗುಡ್ಡ ನೋಡಿ ಜೇನುಹುಳುಗಳೇ ಊರು ಬಿಟ್ಟವು. ಆಮೇಲೆ ಎಲ್ಲರೂ ಮೇಣದಬತ್ತಿ ಮಾಡಿದರು. ಮನೆಮನೆಯಲ್ಲೂ ಮೇಣದಬತ್ತಿ ಆದ ಮೇಲೆ ಕೊಳ್ಳುವವರು ಯಾರು? ಒಬ್ಬರಿಗೊಬ್ಬರು ಉಡುಗೊರೆ ಕೊಟ್ಟುಕೊಂಡರು. ಕೊಟ್ಟ ಬತ್ತಿಯೇ ಊರು ಸುತ್ತಿ ಮನೆಗೆ ವಾಪಸು ಬಂತು. ಕೊನೆಗೆ ಸಲಹೆಗಾರ, ಇರುವುದನ್ನೇ ತೋರಿಸಿ ಎಂದ. ಇದ್ದದ್ದಾದರೂ ಏನು? ತುಕ್ಕು ಹಿಡಿದ ಮಿಲ್ಲು, ಕೆಲಸವಿಲ್ಲದ ಜನ. ಸರಿ, ಟಿಕೆಟ್ ಇಟ್ಟು, ಹಳೇ ಕೆಲಸವನ್ನೇ ಆಟದಂತೆ ಮಾಡಿ ತೋರಿಸಿದರು. ಬಸ್ಸು ತುಂಬ ಜನ ಬಂದರು. ಬೇರೆಯವರು ಬೆವರು ಸುರಿಸುವುದನ್ನು ಕೂತು ನೋಡುವಂಥ ಸುಖ ಪ್ರಪಂಚದಲ್ಲಿ ಇನ್ನೊಂದಿಲ್ಲ.

ಹಾಗೆ ಮತ್ತೆ ಕೆಲಸ ಸಿಕ್ಕವರಲ್ಲಿ ಮೂರ್ಬೆರಳಣ್ಣನೂ ಒಬ್ಬ. ಅವನ ಬಲಗೈಯ ಎರಡು ಬೆರಳು ಇದೇ ಮಿಲ್ಲಿನ ದೊಡ್ಡ ಗರಗಸಕ್ಕೆ ಹೋಗಿದ್ದವು. ಗರಗಸದ ಹಲ್ಲಿಗೆ ಅಡ್ಡ ಇರಬೇಕಾದ ಕಬ್ಬಿಣದ ಗಾರ್ಡು ಮುರಿದಿತ್ತು. ಸರಿಮಾಡಿಸಿ ಎಂದು ಅವನೇ ಮಿಲ್ಲಿನ ಧಣಿಗಳಿಗೆ ಹೇಳಿದ್ದ. ಬೆರಳು ಹೋದ ದಿನ ಧಣಿಗಳು ಕೆಲಸಗಾರರನ್ನೆಲ್ಲ ಸೇರಿಸಿ, "ಕುಡಿದು ಬಂದು ಗರಗಸಕ್ಕೆ ಕೈ ಕೊಟ್ರೆ ನಾನೇನ್ ಮಾಡ್ಲಿ?" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ಜನ್ಮದಲ್ಲಿ ಒಂದು ತೊಟ್ಟು ಮುಟ್ಟದವನು ಅಂದಿನಿಂದ ಊರಿಗೆ ಕುಡುಕನಾದ. ಮೂಲೆ ಅಂಗಡಿಯವಳು ಚಿಲ್ಲರೆ ಕೊಡುವ ನೆಪದಲ್ಲಿ ಮೂಗು ಮುಂದೆ ಚಾಚಿ ವಾಸನೆ ಹಿಡಿಯುತ್ತಿದ್ದಳು. ವಾಸನೆ ಬರದಿದ್ದರೆ, ಇವತ್ತು ಏಲಕ್ಕಿ ಜಗಿದು ಬಂದಿದ್ದಾನೆ ಎನ್ನುತ್ತಿದ್ದಳು.

"ಬೆರಳು ಹೋದ್ರೆ ಹಾಳಾಗ್ಹೋಗ್ಲಿ, ಇನ್ನೂ ಎಂಟಿವೆ," ಎನ್ನುತ್ತಿದ್ದಳು ಅವನ ಹೆಂಡತಿ. "ಹೆಸರು ಒಂದೇ ಇತ್ತಲ್ರೀ."

ಅವನಿಗೂ ಬೇಕಿದ್ದದ್ದು ಅಷ್ಟೇ. ಕಳಂಕ ಹಚ್ಚಿದ ಬಾಯಿಯೇ ಊರ ಮುಂದೆ ಅದನ್ನು ಒರೆಸಬೇಕು. ಅದೊಂದು ಆದರೆ ಸಾಕು, ನೆಮ್ಮದಿಯಾಗಿ ಕಣ್ಣು ಮುಚ್ಚುತ್ತೇನೆ ಎಂದುಕೊಳ್ಳುತ್ತಿದ್ದ.

ಸಲಹೆಗಾರ ಅವನ ಕೈ ನೋಡಿದ್ದೇ ತಡ, ನಿಧಿ ಸಿಕ್ಕವನಂತೆ ಅರಳಿದ. "ಅಣ್ಣಾ, ಇದು ಕರಡಿ ಕಚ್ಚಿದ್ದು ಅಂತ ಹೇಳಿ."

"ಗರಗಸ ಕಚ್ಚಿದ್ದು."

"ಗರಗಸ ಯಾರಿಗೆ ಬೇಕಣ್ಣಾ? ಕರಡಿ ಅಂದ್ರೆ ಮಕ್ಕಳು ಓಡಿ ಬರ್ತಾರೆ."

ಹೊಟ್ಟೆಪಾಡು. ಮೂರ್ಬೆರಳಣ್ಣ ಕರಡಿಯ ಕಥೆ ಹೇಳತೊಡಗಿದ. ಮೊದಮೊದಲು ಸಣ್ಣ ಕರಡಿ. ಬರಬರುತ್ತ ಅದು ಬೆಳೆದು, ಮರಿಗಳನ್ನೂ ಹಾಕಿ, ಒಂದು ಹಂತದಲ್ಲಿ ಮಿಲ್ಲಿನ ಚಾವಣಿ ಹತ್ತಿತು. ಜನ ಬಾಯಿ ಬಿಟ್ಟುಕೊಂಡು ಕೇಳಿದರು. ಒಂದು ದಿನ ಬಂದವರಲ್ಲಿ ಒಬ್ಬ ಮುದುಕಿ ಅವನ ಕೈ ಹಿಡಿದು, "ತುಂಬಾ ನೋವಾಯ್ತೇನಪ್ಪಾ?" ಎಂದು ಕೇಳಿದಳು. ಅಷ್ಟು ವರ್ಷದಲ್ಲಿ ಯಾರೂ ಕೇಳದ ಮಾತು ಅದು. ಕರಡಿ ಎಲ್ಲಿ ಓಡಿಹೋಯಿತೋ, ಗಾರ್ಡು, ಧಣಿ, ಕುಡುಕ ಎಂಬ ಹೆಸರು, ಎಲ್ಲವೂ ಒಂದೇ ಉಸಿರಿಗೆ ಹೊರಬಿದ್ದವು.

ಕೇಳಿದವರು ಕಣ್ಣೊರೆಸಿಕೊಂಡರು. ಆಮೇಲೆ ಚಪ್ಪಾಳೆ ತಟ್ಟಿದರು. ಆಮೇಲೆ ಅವನ ಕೈಯ ಜೊತೆ ಫೋಟೊ ತೆಗೆಸಿಕೊಂಡರು. ಕೆಲಸ ಹೋಯಿತು ಎಂದುಕೊಂಡು ಅವನು ಮನೆಗೆ ಹೊರಟಿದ್ದರೆ, ಸಲಹೆಗಾರ ಬಂದು ಅಪ್ಪಿಕೊಂಡ. "ಕರಡಿಗಿಂತ ಇದೇ ಚೆನ್ನಾಗಿದೆ ಅಣ್ಣಾ. ಧಣಿಗಳೇ ಬಂದು ತಪ್ಪೊಪ್ಪಿಕೊಂಡು ಅತ್ತುಬಿಟ್ರೆ ಇನ್ನೂ ಚೆನ್ನಾಗಿರುತ್ತೆ."

ಧಣಿಗಳು ಒಪ್ಪಿದರು. ಮಿಲ್ಲು ಮುಚ್ಚಿದ ಮೇಲೆ ಅವರನ್ನು ಕಂಡು ಎದ್ದು ನಿಲ್ಲುವವರಿರಲಿಲ್ಲ. ಚಪ್ಪಾಳೆಯಾದರೂ ಸಿಗಲಿ ಎನ್ನುವುದು ಅವರ ಲೆಕ್ಕ. ನಾಲ್ಕು ಗಂಟೆಗೆ, ಗರಗಸದ ಶೆಡ್ಡಿನಲ್ಲಿ, ಬೇರೆ ಟಿಕೆಟ್ಟಿನ ಮೇಲೆ, 'ಧಣಿಯ ಪಶ್ಚಾತ್ತಾಪ'. ಊರಿನವರಿಗೆ ಹಿಂದಿನ ಬೆಂಚು ಪುಕ್ಕಟೆ.

ಮೊದಲ ದಿನ ಮೂರ್ಬೆರಳಣ್ಣನ ಹೆಂಡತಿ ಒಳ್ಳೆಯ ಬಟ್ಟೆ ಉಟ್ಟು ಬಂದು ಕೂತಳು. ಧಣಿಗಳು ಮಂಡಿಯೂರಿದರು. "ಇವನು ಕುಡಿದಿರಲಿಲ್ಲ. ಗಾರ್ಡು ಮುರಿದಿತ್ತು. ತಪ್ಪು ನನ್ನದು!" ಎಂದು ಎದೆ ಬಡಿದುಕೊಂಡು ಅತ್ತರು. ಎಂಥ ಅಳು! ಮೂರ್ಬೆರಳಣ್ಣನಿಗೂ ನಿಜಕ್ಕೂ ಕಣ್ಣು ತುಂಬಿತು. ಅಂತೂ ಬಂತಲ್ಲ ಆ ಮಾತು ಎಂದುಕೊಂಡ. ಗಂಡ ಹೆಂಡತಿ ಅಂದು ತಲೆ ಎತ್ತಿ ಬೀದಿಯಲ್ಲಿ ನಡೆದರು.

ಅಂಗಡಿಯವಳು ಎದುರಾದಳು. "ಧಣಿಗಳದ್ದು ಎಷ್ಟು ದೊಡ್ಡ ಮನಸ್ಸು ನೋಡಿ. ನಿಮ್ಮ ಮಾನ ಮುಚ್ಚೋಕೆ ಇನ್ಮೇಲೆ ದಿನಾ ಸುಳ್ಳು ಹೇಳಿ ಅಳ್ತಾರಂತಲ್ಲ, ಪಾಪ." ಹೇಳುತ್ತಲೇ ಮೂಗು ಮುಂದೆ ಚಾಚಿದಳು.

ಅಲ್ಲಿಗೆ ಇದ್ದ ಒಂದು ಸಂಶಯವೂ ಹೋಗಿ, ಅವನು ಕುಡುಕನೇ ಎಂದು ಊರು ತೀರ್ಮಾನಿಸಿತು. ನಿಜವಾಗಿದ್ದರೆ ನಾಟಕದಲ್ಲಿ ಯಾಕೆ ಹೇಳುತ್ತಿದ್ದರು? ಹಾಳು ಊರು, ಮೇಣದಬತ್ತಿ ಮಾರಲು ಬರದಿದ್ದರೂ ತರ್ಕಕ್ಕೇನೂ ಕಡಿಮೆ ಇರಲಿಲ್ಲ.

ಒಂದು ದಿನ ಆಟ ಮುಗಿದ ಮೇಲೆ, ಹಲಗೆ ರಾಶಿಯ ಹಿಂದೆ ಧಣಿಗಳು ಅಳು ಬರಲೆಂದು ಕಣ್ಣಿಗೆ ಹಾಕಿದ ಔಷಧಿ ಒರೆಸಿಕೊಳ್ಳುತ್ತಿದ್ದಾಗ ಮೂರ್ಬೆರಳಣ್ಣ ಹೋಗಿ ನಿಂತ. "ಧಣೀ, ಒಂದ್ಸಲ ಆ ಅಂಗಡಿ ಮುಂದೆ ನಿಂತು ಹೇಳಿಬಿಡಿ. ಅಳೋದೇನೂ ಬೇಡ."

"ದಿನಾ ಹೇಳ್ತಿಲ್ವೇನೋ?"

"ಅದು ನಾಟಕ."

"ನಾಟಕ ಅಂತಾನೇ ಹೇಳ್ತಿರೋದು," ಎಂದರು ಧಣಿಗಳು. "ಇಲ್ದಿದ್ರೆ ಆ ಮಾತು ನನ್ನ ಬಾಯಲ್ಲಿ ಬರ್ತಿತ್ತಾ?"

ಮರುದಿನ ಶೆಡ್ಡು ತುಂಬಿತ್ತು. ಹೆಂಡತಿ ಹಿಂದಿನ ಬೆಂಚಿನಲ್ಲಿ, ಅಂಗಡಿಯವಳ ಪಕ್ಕದಲ್ಲಿ ಕೂತಿದ್ದಳು. ಧಣಿಗಳು ಮಂಡಿಯೂರಿ, ಎದೆಗೆ ಕೈಯಿಟ್ಟು, "ಇವನು ಕುಡಿದಿರಲಿಲ್ಲ..." ಎಂದು ಶುರುಮಾಡಿದರು.

"ಕುಡಿದಿದ್ದೆ," ಎಂದ ಮೂರ್ಬೆರಳಣ್ಣ.

ಅವನು ಯೋಚಿಸಿ ಆಡಿದ ಮಾತಲ್ಲ. ಸಾಕಾಗಿತ್ತು. ಊರು ನಂಬಿದ್ದನ್ನೇ ಹೇಳಿ ಒಮ್ಮೆ ಮುಗಿಸಿಬಿಡೋಣ ಅನ್ನಿಸಿತು.

ಧಣಿಗಳು ತಬ್ಬಿಬ್ಬಾದರು. "ನಿನ್ನ ಮಾತು ಅದಲ್ಲ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿ, ಮತ್ತೆ ಗಟ್ಟಿಯಾಗಿ, "ಇಲ್ಲ, ಇವನು ಕುಡಿದಿರಲಿಲ್ಲ! ಗಾರ್ಡು ಮುರಿದಿತ್ತು!" ಎಂದು ಬಿಕ್ಕಿದರು.

"ಗಾರ್ಡು ಗಟ್ಟಿಯಾಗೇ ಇತ್ತು ಧಣೀ. ನೀವ್ಯಾಕೆ ಸುಮ್ಮನೆ ಅಳ್ತೀರಿ? ಏಳಿ ಮೇಲೆ."

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಒಂದು ಮಗು ಮಂಡಿಯೂರಿದ ಧಣಿಗಳತ್ತ ಬೆರಳು ತೋರಿಸಿ ನಕ್ಕಿತು. ಅದನ್ನು ಕಂಡು ಇಡೀ ಶೆಡ್ಡು ನಕ್ಕಿತು. ಧಣಿಗಳು ಏನನ್ನಾದರೂ ತಡೆದುಕೊಂಡಾರು, ನಗುವನ್ನಲ್ಲ. ಕಿವಿ ಕೆಂಪಾಗಿ, ಧೂಳು ಕೊಡವಿಕೊಂಡು ಎದ್ದರು.

"ಯಾವನಿಗೆ ಹೇಳ್ತೀಯೋ ಗಟ್ಟಿಯಾಗಿತ್ತು ಅಂತ? ಮೆಕ್ಯಾನಿಕ್ ಬಂದು ಎರಡು ಸಲ ಹೇಳಿದ್ದ, ನೀನೂ ಹೇಳಿದ್ದೆ. ನಾನೇ ಬೇಡ ಅಂದಿದ್ದು, ಮಿಲ್ಲು ನಿಲ್ಲಿಸಬೇಕಾಗುತ್ತೆ ಅಂತ! ನೀನೆಲ್ಲಿ ಕುಡಿದಿದ್ಯೋ, ಚಾ ಕುಡಿದ್ರೂ ಹೆಂಡ್ತೀನ ಕೇಳಿ ಕುಡಿಯೋ ನನ್ಮಗ!"

ಅದು ನಾಟಕದ ದನಿಯಾಗಿರಲಿಲ್ಲ. ಗರಗಸದ ಸದ್ದಿನ ಮೇಲೂ ಅಂಗಳದ ಕೊನೆಯವರೆಗೆ ಕೇಳುತ್ತಿದ್ದ ಬೈಗುಳದ ದನಿ. ಹಿಂದಿನ ಬೆಂಚಿನಲ್ಲಿ ಕೂತವರೆಲ್ಲ ಹತ್ತಾರು ವರ್ಷ ಆ ದನಿಗೆ ಬೆನ್ನು ಬಗ್ಗಿಸಿದವರು. ಕೂತಲ್ಲೇ ಎಲ್ಲರೂ ತಲೆ ತಗ್ಗಿಸಿದರು.

ಟಿಕೆಟ್ಟು ಕೊಟ್ಟು ಬಂದವರು ಮಾತ್ರ ಗೊಣಗಿದರು. ಧಣಿ ಪಾತ್ರದವನು ಇವತ್ತು ಅಳಲೇ ಇಲ್ಲ, ಬರೀ ಕೂಗಾಡಿದ ಎಂದು ಅವರಲ್ಲೊಬ್ಬ ಸಲಹೆಗಾರನಿಗೆ ದೂರು ಕೊಟ್ಟ. ಸಲಹೆಗಾರ ಓಡಿ ಬಂದು, "ನಾಳೆ ಹೀಗೆಲ್ಲ ಮಾಡಬೇಡಿ ಅಣ್ಣಾ," ಎಂದ.

"ನಾಳೆ ನಾನು ಬರಲ್ಲ," ಎಂದ ಮೂರ್ಬೆರಳಣ್ಣ.

"ಇದು ಬಿಟ್ರೆ ಊರಲ್ಲಿ ಬೇರೆ ಕೆಲಸ ಎಲ್ಲಿದೆ?"

ಮೂರ್ಬೆರಳಣ್ಣನ ಕಣ್ಣು ಹಿಂದಿನ ಬೆಂಚಿನ ಮೇಲಿತ್ತು. ಅಲ್ಲಿ ಹೆಂಡತಿ ಎದ್ದು ನಿಂತು, ಅಂಗಡಿಯವಳ ಕಡೆಗೆ ತಿರುಗಿದ್ದಳು.

"ಕೇಳಿಸ್ತೇನಮ್ಮಾ?"

ಅಂಗಡಿಯವಳು ತಲೆ ತಗ್ಗಿಸಿಕೊಂಡೇ ಇದ್ದಳು.

"ಮೆಲ್ಲಗಾಯ್ತೇನೋ. ಇನ್ನೊಂದ್ಸಲ ಹೇಳಿಸ್ಲಾ?"

"ಬೇಡಕ್ಕಾ," ಎಂದಳು ಅಂಗಡಿಯವಳು. "ಕೇಳಿಸ್ತು."